ಮುಮ್ಮಡಿ ಕೃಷ್ಣರಾಜ ಒಡೆಯರು: ಒಳಾಂಗಣ ಆಟಗಳ ರಚನೆ ಮತ್ತು ಪ್ರಸಾರ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಊರುಗಳಲ್ಲಿ ಮನೆಯ ಜಗಲಿ, ಗುಡಿಯ ಕಟ್ಟೆ, ಅರಳಿಮರದ ನೆರಳು ಇವು ಬಹುಕಾಲದಿಂದ ಆಟದ ತಾಣಗಳೂ ಆಗಿವೆ. ಐದು ಸಾಲು ಐದು ಕಂಬದ ಮನೆಗಳನ್ನು ಸೀಮೆಸುಣ್ಣದಲ್ಲಿಯೋ ಇದ್ದಿಲಿನಲ್ಲಿಯೋ ಗೀರಿ, ನಾಲ್ಕು ಕವಡೆಗಳನ್ನು ಉರುಳಿಸಿದರೆ ಚೌಕಾಬಾರ ಸಿದ್ಧವಾಗುತ್ತದೆ. ನಾಲ್ಕೂ ಕವಡೆ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಹುಲಿಕಟ್ಟಿನ ಆಟಕ್ಕೆ ಬೇಕಾದುದು ಗೆರೆಗಳು ಮತ್ತು ಒಂದಿಷ್ಟು ಹರಳುಗಳು. ಅಳಗುಳಿಮಣೆಗೆ ಹದಿನಾಲ್ಕು ಗುಳಿಗಳು, ಹುಣಸೆಬೀಜಗಳು ಸಾಕು. ಈ ಆಟಗಳನ್ನು ಮೊದಲು ಕಟ್ಟಿದವರ ಹೆಸರು ಯಾರಿಗೂ ಬೇಕಾಗಿಲ್ಲ. ಆಡುವವರೇ ಗೆರೆ ಎಳೆಯುತ್ತಾರೆ, ಊರಿಗೊಂದು ಕಟ್ಟಳೆ ಮಾಡಿಕೊಳ್ಳುತ್ತಾರೆ, ಆಟ ಮುಗಿದ ಮೇಲೆ ಗೆರೆಗಳು ಅಳಿಯುತ್ತವೆ.

ಕರ್ತೃವಿಲ್ಲದ ಈ ಪರಂಪರೆಯ ಪಕ್ಕದಲ್ಲಿ, ಆಟಗಳನ್ನು ಹೆಸರಿಟ್ಟು ರಚಿಸಿ, ಅವುಗಳ ಹಾಸುಗಳನ್ನು ಬರೆಯಿಸಿ, ನಿಯಮಗಳನ್ನು ಗ್ರಂಥಸ್ಥಗೊಳಿಸಿದ ಒಬ್ಬ ವ್ಯಕ್ತಿ ಕನ್ನಡ ನಾಡಿನ ಚರಿತ್ರೆಯಲ್ಲಿದ್ದಾರೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಸಾಹಿತ್ಯಚರಿತ್ರೆಯಲ್ಲಿ ಕವಿಪಂಡಿತರ ಪೋಷಕರೆಂದು, ರಾಜಕೀಯ ಚರಿತ್ರೆಯಲ್ಲಿ 1831ರಲ್ಲಿ ಆಡಳಿತವನ್ನು ಕಳೆದುಕೊಂಡ ಅರಸರೆಂದು ಪರಿಚಿತರು. ಆಟಗಳ ರಚನಕಾರರಾಗಿ ಅವರು ಪಡೆದ ಗಮನ ಕಡಮೆ. ಈ ಮೂರನೆಯ ಮುಖವನ್ನು ಮೊದಲಿನ ಎರಡರೊಡನೆ ಇಟ್ಟು ನೋಡಿದಾಗ ಅವರ ಬದುಕಿನ ಉತ್ತರಾರ್ಧ ಬೇರೆಯ ಅರ್ಥವನ್ನು ಪಡೆಯುತ್ತದೆ. ಆಟವೊಂದು ಉಳಿಯುವುದು ರಚಿಸಿದವನ ಬಲದಿಂದಲೋ ಆಡುವವರ ಕೈಯಿಂದಲೋ ಎಂಬ ಪ್ರಶ್ನೆಗೂ ಅವರ ರಚನೆಗಳ ಗತಿಯಲ್ಲಿ ಉತ್ತರವಿದೆ.

ಪರಂಪರೆಯ ಹಿನ್ನೆಲೆ

ಆಟಗಳನ್ನು ಶಾಸ್ತ್ರದ ಚೌಕಟ್ಟಿಗೆ ತಂದ ಅರಸರಲ್ಲಿ ಮುಮ್ಮಡಿಯವರು ಮೊದಲಿಗರಲ್ಲ. ಕಲ್ಯಾಣ ಚಾಳುಕ್ಯರ ಮೂರನೆಯ ಸೋಮೇಶ್ವರನು (ಆಳ್ವಿಕೆ 1126-1138) ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವು ಐದು ವಿಂಶತಿಗಳ, ನೂರು ಅಧ್ಯಾಯಗಳ ವಿಶ್ವಕೋಶ. ಅದರ ಕೊನೆಯ ಭಾಗಕ್ಕೆ ಕ್ರೀಡಾವಿಂಶತಿಯೆಂದೇ ಹೆಸರು. ಚದುರಂಗ, ಪಗಡೆ, ಕವಡೆಯಾಟಗಳನ್ನು ಈ ಗ್ರಂಥವು ಅರಸನ ದಿನಚರಿಯ ಅಂಗವಾಗಿ ವಿವರಿಸುತ್ತದೆ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗವನ್ನು ನೆಲೆಯಾಗಿಸಿಕೊಂಡು ನೊಳಂಬವಾಡಿಯನ್ನು ಆಳಿದ ಪಾಂಡ್ಯರು ಇದೇ ಚಾಳುಕ್ಯರ ಸಾಮಂತರಾಗಿದ್ದರು. ಹೀಗಾಗಿ ಆಟಗಳನ್ನು ದಾಖಲಿಸಿದ ಮೊದಲ ಕನ್ನಡ ದೊರೆಯ ಆಳ್ವಿಕೆಗೆ ಈ ಸೀಮೆ ಒಳಪಟ್ಟಿತ್ತು.

ಏಳು ಶತಮಾನಗಳ ಅನಂತರದ ಮೈಸೂರಿನ ದೊರೆಗೆ ಈ ಸೀಮೆಯೊಡನೆ ಅಂಥ ಸಂಬಂಧವಿರಲಿಲ್ಲ. ನಿಜಾಮನು 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ದತ್ತ ಮಂಡಲಗಳಲ್ಲಿ ಬಳ್ಳಾರಿಯೂ ಸೇರಿತ್ತು. ಅಲ್ಲಿನ ಜನ ಮದರಾಸು ಪ್ರಾಂತ್ಯದ ಪ್ರಜೆಗಳಾದರು. 1953ರಲ್ಲಿ ಬಳ್ಳಾರಿಯ ಹೆಚ್ಚಿನ ಭಾಗ ಮೈಸೂರು ರಾಜ್ಯವನ್ನು ಸೇರಿತು. 2021ರಲ್ಲಿ ಈ ಐದು ತಾಲ್ಲೂಕುಗಳು ವಿಜಯನಗರ ಜಿಲ್ಲೆಗೆ ಸೇರಿದವು. ಅರಮನೆಯ ಆಟಗಳು ಮತ್ತು ಜಗಲಿಯ ಆಟಗಳು ಎರಡು ಬೇರೆ ಆಡಳಿತಗಳ ಅಡಿಯಲ್ಲಿ, ಪರಸ್ಪರ ಗುರುತಿಲ್ಲದೆ ನಡೆದುವೆಂಬುದನ್ನು ಗಮನಿಸಿಯೇ ಅವುಗಳನ್ನು ಹೋಲಿಸಬೇಕಾಗುತ್ತದೆ.

ಬಾಲ್ಯ ಮತ್ತು ಆಳ್ವಿಕೆ

ಕೃಷ್ಣರಾಜರು 1794ರ ಜುಲೈ 14ರಂದು ಶ್ರೀರಂಗಪಟ್ಟಣದಲ್ಲಿ ಜನಿಸಿದರು. ತಂದೆ ಖಾಸಾ ಚಾಮರಾಜ ಒಡೆಯರು 1796ರಲ್ಲಿ ತೀರಿಕೊಂಡರು. ಒಡೆಯರ ಮನೆತನವು ಆಗ ಹೆಸರಿಗೆ ಮಾತ್ರ ಅರಸು ಮನೆತನವಾಗಿತ್ತು. ಅಧಿಕಾರ ಟೀಪು ಸುಲ್ತಾನನದಾಗಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟೀಪು ಮಡಿದ ಮೇಲೆ, ಆ ವರ್ಷದ ಜೂನ್ 30ರಂದು ಐದು ವರ್ಷದ ಬಾಲಕನಿಗೆ ಮೈಸೂರಿನಲ್ಲಿ ಪಟ್ಟವಾಯಿತು. ಅಜ್ಜಿ ಲಕ್ಷ್ಮಮ್ಮಣ್ಣಿಯವರ ಆಶ್ರಯದಲ್ಲಿ, ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ, ಕಂಪನಿಯ ರೆಸಿಡೆಂಟರ ಮೇಲ್ವಿಚಾರಣೆಯಲ್ಲಿ ಅವರ ಬಾಲ್ಯ ಕಳೆಯಿತು. ರಾಜ್ಯವು ಕಂಪನಿಗೆ ವರ್ಷಂಪ್ರತಿ ಏಳು ಲಕ್ಷ ವರಹಗಳ ಪೊಗದಿಯನ್ನು ಸಲ್ಲಿಸಬೇಕೆಂದು ಅಂದಿನ ಒಪ್ಪಂದವು ವಿಧಿಸಿತ್ತು. ಅರಸನ ಸ್ಥಾನದ ಎಲ್ಲೆಗಳನ್ನು ಆ ಬಾಲಕನು ಓದು ಕಲಿಯುವ ಮುನ್ನವೇ ಇತರರು ನಿರ್ಧರಿಸಿಬಿಟ್ಟಿದ್ದರು.

ಪೂರ್ಣಯ್ಯನವರು 1811ರಲ್ಲಿ ನಿವೃತ್ತರಾದ ಮೇಲೆ ಕೃಷ್ಣರಾಜರು ಸ್ವತಃ ಆಡಳಿತ ವಹಿಸಿದರು. ಆಸ್ಥಾನದಲ್ಲಿ ಕವಿಗಳು, ಸಂಗೀತಗಾರರು, ಚಿತ್ರಕಾರರು, ಶಿಲ್ಪಿಗಳು ನೆಲೆಗೊಂಡರು. ಕೆಂಪುನಾರಾಯಣನ ಮುದ್ರಾಮಂಜೂಷವು 1823ರಲ್ಲಿ ಈ ಆಶ್ರಯದಲ್ಲಿ ಹೊರಬಂದ ಕೃತಿ. ದಸರೆಯ ದರ್ಬಾರು ಮೈಸೂರಿನ ಆಚರಣೆಯಾಗಿ ಸ್ಥಿರಗೊಂಡುದೂ ಇವರ ಕಾಲದಲ್ಲಿಯೇ. ಆದರೆ ಖರ್ಚು ಮಿತಿಮೀರಿತು, ಕಂದಾಯದ ಗುತ್ತಿಗೆದಾರರ ಹಿಂಸೆ ಹೆಚ್ಚಿತು, ಪೊಗದಿಯ ಬಾಕಿ ಬೆಳೆಯಿತು. 1830-31ರಲ್ಲಿ ನಗರ ಪ್ರಾಂತ್ಯದ ರೈತರು ದಂಗೆ ಎದ್ದರು. ಇದನ್ನು ಕಾರಣವಾಗಿ ತೋರಿ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ 1831ರ ಅಕ್ಟೋಬರ್‌ನಲ್ಲಿ ಆಡಳಿತವನ್ನು ಕಂಪನಿಯ ವಶಕ್ಕೆ ತೆಗೆದುಕೊಂಡನು. ಅರಸರಿಗೆ ಉಳಿದುದು ಪಟ್ಟ, ಅರಮನೆ, ವರ್ಷಕ್ಕೆ ಒಂದು ಲಕ್ಷ ವರಹ ಮತ್ತು ರಾಜ್ಯದ ನಿವ್ವಳ ಆದಾಯದ ಐದನೆಯ ಒಂದು ಭಾಗ. 1834ರಿಂದ 1861ರವರೆಗೆ ಆಡಳಿತ ನಡೆಸಿದವನು ಕಮಿಷನರ್ ಮಾರ್ಕ್ ಕಬ್ಬನ್.

ಮುಮ್ಮಡಿಯವರು ಅಧಿಕಾರದಲ್ಲಿದ್ದುದು ಇಪ್ಪತ್ತು ವರ್ಷ. ಅಧಿಕಾರವಿಲ್ಲದೆ ಬದುಕಿದ್ದುದು ಮೂವತ್ತಾರು ವರ್ಷಗಳಿಗೂ ಮಿಗಿಲು. ಅವರ ಹೆಸರಿನೊಡನೆ ತಳಕು ಹಾಕಿಕೊಂಡಿರುವ ವಿದ್ವತ್ಕಾರ್ಯದ ಬಹುಪಾಲು ಈ ಎರಡನೆಯ ಅವಧಿಗೆ ಸೇರುತ್ತದೆ. ಮಹಾಭಾರತದ ಕನ್ನಡ ಗದ್ಯರೂಪವಾದ ಕೃಷ್ಣರಾಜ ವಾಣೀವಿಲಾಸ, ಸೌಗಂಧಿಕಾ ಪರಿಣಯ, ಸಂಖ್ಯಾರತ್ನಕೋಶ, ಚತುರಂಗ ಸಾರಸರ್ವಸ್ವ ಮೊದಲಾದವು ಅವರ ಹೆಸರಿನಲ್ಲಿವೆ. ಅರಮನೆಯ ಕಲ್ಲಚ್ಚಿನ ಮುದ್ರಣಾಲಯವು ಕನ್ನಡ ಗ್ರಂಥಗಳನ್ನು ಅಚ್ಚು ಹಾಕಿತು. ಈ ಎಲ್ಲದರ ನಡುವೆ ಆಟಗಳ ರಚನೆಯೂ ನಡೆಯಿತು.

ಶ್ರೀತತ್ತ್ವನಿಧಿ ಮತ್ತು ಛದಗಳು

ಮುಮ್ಮಡಿಯವರ ಹೆಸರಿನ ಬೃಹತ್ ಕೃತಿ ಶ್ರೀತತ್ತ್ವನಿಧಿ. ಕನ್ನಡ ಲಿಪಿಯಲ್ಲಿ ಬರೆದ ಸಂಸ್ಕೃತ ಗ್ರಂಥವಾದ ಇದರಲ್ಲಿ ಒಂಬತ್ತು ನಿಧಿಗಳಿವೆ: ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ, ಕೌತುಕ. ಮೊದಲ ಎಂಟು ನಿಧಿಗಳು ದೇವತಾಸ್ವರೂಪ, ಧ್ಯಾನಶ್ಲೋಕ, ಆಗಮವಿಷಯಗಳಿಗೆ ಮೀಸಲು. ಕೊನೆಯ ಕೌತುಕನಿಧಿಯಲ್ಲಿ ಆಟಗಳು ಬರುತ್ತವೆ. 122 ಯೋಗಾಸನಗಳ ಸಚಿತ್ರ ವಿವರಣೆಯೂ ಇದೇ ಗ್ರಂಥದಲ್ಲಿದೆ. 1996ರಲ್ಲಿ ನಾರ್ಮನ್ ಸ್ಯೋಮನ್ ಅವರು ಅದನ್ನು ಅಧ್ಯಯನಕ್ಕೆ ಒಳಪಡಿಸಿದ ಮೇಲೆ ಯೋಗದ ಚರಿತ್ರಕಾರರ ಗಮನ ಈ ಕಡೆ ಹರಿಯಿತು. ದೇವತೆಗಳ ಲಕ್ಷಣವನ್ನು ಹೇಳುವ ಗ್ರಂಥದ ಒಳಗೇ ಆಟಕ್ಕೆ ಸ್ಥಾನ ದೊರೆತಿರುವುದು ಆಕಸ್ಮಿಕವಲ್ಲ. ಕೌತುಕನಿಧಿಯ ಆಟಗಳಲ್ಲಿ ಬಣ್ಣ, ಆಯುಧ, ವಾಹನ, ಪರಿವಾರಗಳು ಆಟದ ಕುರುಹುಗಳಾಗುತ್ತವೆ. ಮೂರ್ತಿಶಾಸ್ತ್ರದ ತಿಳಿವಳಿಕೆಯೇ ಇಲ್ಲಿ ಆಟದ ಭಾಷೆ.

ಗಂಜೀಫಾ ಎಲೆಯಾಟವು ಮೊಘಲರ ಕಾಲದಲ್ಲಿ ಭಾರತದಲ್ಲಿ ಹರಡಿದ್ದು. ಮೊಘಲ್ ಗಂಜೀಫಾದಲ್ಲಿ ಎಂಟು ಬಣ್ಣಗಳ 96 ಎಲೆಗಳು. ದಶಾವತಾರ ಗಂಜೀಫಾದಲ್ಲಿ ಹತ್ತು ಬಣ್ಣಗಳ 120 ಎಲೆಗಳು. ಎರಡರಲ್ಲಿಯೂ ಪ್ರತಿ ಬಣ್ಣಕ್ಕೆ ರಾಜ, ಮಂತ್ರಿ ಮತ್ತು ಒಂದರಿಂದ ಹತ್ತರವರೆಗಿನ ಅಂಕೆಯ ಎಲೆಗಳು. ಮುಮ್ಮಡಿಯವರು ಈ ಚೌಕಟ್ಟನ್ನು ತೆಗೆದುಕೊಂಡು ಹಿಗ್ಗಿಸಿದರು. ಅವರ ಆಟಗಳಿಗೆ ಛದ ಎಂಬ ಹೆಸರು. ಸಂಸ್ಕೃತದಲ್ಲಿ ಛದವೆಂದರೆ ಎಲೆ. ಚಾಮುಂಡೇಶ್ವರೀ ಛದ, ಜಗನ್ಮೋಹನ ಛದ, ನವಗ್ರಹ ಛದ, ಪಂಚಪಾಂಡವ ಛದ, ದಶಾವತಾರ ಛದ ಮೊದಲಾದವು ಈ ವರ್ಗದವು. ಚಿಕ್ಕದಕ್ಕೆ 36 ಎಲೆಗಳು ಸಾಕು, ದೊಡ್ಡದಕ್ಕೆ 360 ಬೇಕು. ಸಾಮಾನ್ಯವಾಗಿ ಒಂದು ಬಣ್ಣಕ್ಕೆ ಹನ್ನೆರಡು ಅಂಕೆಯ ಎಲೆಗಳು, ಆರು ಪರಿವಾರದ ಎಲೆಗಳು. ಕೆಲವು ಆಟಗಳಲ್ಲಿ ಬಣ್ಣಗಳ ಸಂಖ್ಯೆ ಹದಿನೆಂಟಕ್ಕೆ ಏರುತ್ತದೆ. ಸದಾ ತುರುಫಾಗಿ ನಿಲ್ಲುವ ಎಲೆಗಳು, ಬೇಕಾದ ಎಲೆಯ ಸ್ಥಾನದಲ್ಲಿ ನಿಲ್ಲಬಲ್ಲ ಎಲೆಗಳು ಕೂಡ ಇವುಗಳಲ್ಲಿವೆ.

ರಚನೆಯ ದೃಷ್ಟಿಯಿಂದ ಇದು ದೊಡ್ಡ ಬದಲಾವಣೆ. ರಾಜ ಮತ್ತು ಮಂತ್ರಿ ಎಂಬ ಎರಡೇ ಮೇಲಿನ ಎಲೆಗಳಿದ್ದಲ್ಲಿ ಆರು ಮೇಲಿನ ಎಲೆಗಳು ಬಂದರೆ ಶ್ರೇಣಿ ನೀಳವಾಗುತ್ತದೆ. ಯಾವುದು ಯಾವುದನ್ನು ಗೆಲ್ಲುತ್ತದೆಂಬುದನ್ನು ನೆನಪಿಡುವ ಹೊರೆ ಆಟಗಾರನ ಮೇಲೆ ಬೀಳುತ್ತದೆ. ಆಟ ಕಲಿಯಬೇಕಾದವನು ಮೊದಲು ದೇವತೆಗಳ ಪರಿವಾರವನ್ನು ಅರಿತಿರಬೇಕಾಗುತ್ತದೆ. ಅಷ್ಟೊಂದು ಎಲೆಗಳನ್ನು ಒಂದೊಂದಾಗಿ ಚಿತ್ರಿಸುವ ನುರಿತ ಚಿತ್ರಕಾರರೂ ಬೇಕು. ವಿದ್ಯೆ, ಬಿಡುವು, ವೆಚ್ಚ ಈ ಮೂರೂ ಒಂದೆಡೆ ಇದ್ದುದು ಅರಮನೆಯಲ್ಲಿ. ಹಾಗಾಗಿ ಛದಗಳು ಅರಮನೆಯ ಆಚೆಗೆ ಜನಬಳಕೆಯ ಆಟಗಳಾಗಲಿಲ್ಲ.

ಹಾಸುಗಳು ಮತ್ತು ಕುದುರೆಯ ನಡೆ

ಎರಡನೆಯ ವರ್ಗ ಹಾಸಿನ ಆಟಗಳದು. ಇವುಗಳಲ್ಲಿ ದೇವೀಸಾಯುಜ್ಯ ಹೆಸರುವಾಸಿ. ಪಗಡೆಯಲ್ಲಿ ಕಾಯಿಯು ಸುತ್ತಿ ಬಂದು ನಡುಮನೆಯಲ್ಲಿ ಹಣ್ಣಾಗುವಂತೆ, ಇಲ್ಲಿ ಆಟಗಾರನ ಗುರಿ ದೇವಿಯ ಸಾಯುಜ್ಯ. ಕಾಯಿಯ ಪಯಣವನ್ನು ಜೀವದ ಪಯಣವಾಗಿ ಕಾಣುವ ಕ್ರಮ ಪರಮಪದಸೋಪಾನ ಪಟದಲ್ಲಿಯೂ ಇದೆ. ಮುಮ್ಮಡಿಯವರ ವಿಶೇಷವೆಂದರೆ ಅದನ್ನು ತಮ್ಮ ಕುಲದೇವತೆಯಾದ ಚಾಮುಂಡಿಯ ಉಪಾಸನೆಗೆ ಹೊಂದಿಸಿದುದು. ಪರಿಚಿತ ಆಟದ ಚಲನೆಯನ್ನು ಇಟ್ಟುಕೊಂಡು ಅದರ ಅರ್ಥವನ್ನು ಬದಲಿಸುವುದು ಅವರ ರಚನಾಕ್ರಮದಲ್ಲಿ ಮತ್ತೆ ಮತ್ತೆ ಕಾಣುವ ಲಕ್ಷಣ.

ಮೂರನೆಯ ವರ್ಗ ಚದುರಂಗದ ಕುದುರೆನಡೆಯ ಬಂಧಗಳು. ಕುದುರೆಯು ನೇರ ಎರಡು ಮನೆ, ಅಡ್ಡ ಒಂದು ಮನೆ ಚಲಿಸುವ ಕಾಯಿ. ಅದು ಒಂದು ಮನೆಯನ್ನೂ ಬಿಡದೆ, ಒಂದು ಮನೆಗೂ ಎರಡನೆಯ ಸಲ ಕಾಲಿಡದೆ 64 ಮನೆಗಳನ್ನು ಸುತ್ತಿ ಬರುವಂತೆ ದಾರಿ ಹುಡುಕುವುದೇ ಇಲ್ಲಿನ ಸಮಸ್ಯೆ. ಸಂಸ್ಕೃತ ಅಲಂಕಾರಶಾಸ್ತ್ರಕ್ಕೆ ಇದು ಹೊಸತಲ್ಲ. ಒಂಬತ್ತನೆಯ ಶತಮಾನದ ರುದ್ರಟನ ಕಾವ್ಯಾಲಂಕಾರದಲ್ಲಿ ತುರಗಪದ ಬಂಧವಿದೆ. ವೇದಾಂತದೇಶಿಕರ ಪಾದುಕಾಸಹಸ್ರದಲ್ಲಿಯೂ ಇದೆ. ಅಕ್ಷರಗಳನ್ನು ಮನೆಗಳಲ್ಲಿ ತುಂಬಿ, ಸಾಲಾಗಿ ಓದಿದರೆ ಒಂದು ಪದ್ಯ, ಕುದುರೆಯ ನಡೆಯಲ್ಲಿ ಓದಿದರೆ ಇನ್ನೊಂದು ಪದ್ಯ ಬರುವಂತೆ ಹೆಣೆಯುವುದು ಚಿತ್ರಕವಿಗಳ ಸಾಹಸ. ಯುರೋಪಿನಲ್ಲಿ 1759ರಲ್ಲಿ ಗಣಿತಜ್ಞ ಆಯ್ಲರ್ ಇದನ್ನು ಗಣಿತದ ಪ್ರಶ್ನೆಯಾಗಿ ಎತ್ತಿಕೊಂಡನು.

ಮುಮ್ಮಡಿಯವರು ಈ ಎರಡು ಧಾರೆಗಳು ಕೂಡುವ ಜಾಗದಲ್ಲಿ ನಿಲ್ಲುತ್ತಾರೆ. ಕುದುರೆ ಕಾಲಿಟ್ಟ ಕ್ರಮದಲ್ಲಿ ಮನೆಗಳಿಗೆ ಒಂದರಿಂದ ಅಂಕಿಗಳನ್ನು ಬರೆದಾಗ ಪ್ರತಿ ಅಡ್ಡಸಾಲಿನ, ಪ್ರತಿ ಕಂಬಸಾಲಿನ ಮೊತ್ತ ಒಂದೇ ಆಗುವಂತೆ ದಾರಿ ಕಂಡುಕೊಳ್ಳುವುದು ಇನ್ನೂ ಕಷ್ಟದ ಕೆಲಸ. ಎಂಟು ಮನೆಯ ಹಾಸಿನಲ್ಲಿ ಆ ಮೊತ್ತ 260. ಇಂಗ್ಲೆಂಡಿನಲ್ಲಿ ಬೆವರ್ಲಿ ಎಂಬಾತನು ಅಂತಹ ಒಂದು ದಾರಿಯನ್ನು 1848ರಲ್ಲಿ ಪ್ರಕಟಿಸಿದನು. ಹನ್ನೆರಡು ಸಾಲು ಹನ್ನೆರಡು ಕಂಬದ, 144 ಮನೆಗಳ ಹಾಸಿನಲ್ಲಿ ಮೊತ್ತ 870 ಬರಬೇಕು. ಅಂತಹ ದಾರಿಯೊಂದನ್ನು ಮುಮ್ಮಡಿಯವರು ರಚಿಸಿರುವುದನ್ನು ಈ ಸಮಸ್ಯೆಯ ಚರಿತ್ರಕಾರರು ಗುರುತಿಸಿದ್ದಾರೆ. ಎಂಟು ಮನೆಯ ಹಾಸಿನಲ್ಲಿ ಕರ್ಣಗಳ ಮೊತ್ತವೂ 260 ಆಗುವ ದಾರಿ ಇಲ್ಲವೆಂಬುದು 2003ರಲ್ಲಿ ಗಣಕಯಂತ್ರದ ಪೂರ್ಣ ಶೋಧದಿಂದ ಸಿದ್ಧವಾಯಿತು. ಕಾಗದ, ಲೇಖನಿ, ತಾಳ್ಮೆ ಇಷ್ಟನ್ನೇ ನೆಚ್ಚಿ ನಡೆದ ಕೆಲಸದ ಆಳ ಈ ಹಿನ್ನೆಲೆಯಲ್ಲಿ ತಿಳಿಯುತ್ತದೆ.

ಕರ್ತೃತ್ವದ ಪ್ರಶ್ನೆ

ಅರಸರ ಹೆಸರಿನಲ್ಲಿರುವ ಕೃತಿಗಳನ್ನು ಕುರಿತು ಸಾಹಿತ್ಯಚರಿತ್ರೆ ಕೇಳುವ ಪ್ರಶ್ನೆಯನ್ನು ಆಟಗಳಿಗೂ ಕೇಳಬೇಕಾಗುತ್ತದೆ. ಶ್ರೀತತ್ತ್ವನಿಧಿಯಂತಹ ಗ್ರಂಥ ಒಬ್ಬರಿಂದ ಆಗುವಂಥದಲ್ಲ. ಪುರಾಣ, ಆಗಮಗಳಿಂದ ಶ್ಲೋಕಗಳನ್ನು ಆಯ್ದವರು ಪಂಡಿತರು. ವರ್ಣಚಿತ್ರಗಳನ್ನು ಬರೆದವರು ಮೈಸೂರು ಸಂಪ್ರದಾಯದ ಚಿತ್ರಕಾರರು. ಲಿಪಿಕಾರರ ಶ್ರಮವೂ ಅದರಲ್ಲಿದೆ. ಈ ಬಹುಮಂದಿಯ ದುಡಿಮೆಯ ಮೇಲೆ ಒಂದೇ ಹೆಸರು ನಿಂತಿದೆ. ಆದರೆ ಹಲವು ಕೃತಿಗಳಲ್ಲಿ ಒಂದೇ ಒಲವು ಹರಿದಿರುವುದನ್ನು ಅಲ್ಲಗಳೆಯಲಾಗದು. ಸಂಖ್ಯೆಗಳ ಮೇಲಿನ ಆಸಕ್ತಿ ಸಂಖ್ಯಾರತ್ನಕೋಶದಲ್ಲಿಯೂ ಇದೆ, ಕುದುರೆನಡೆಯ ಬಂಧಗಳಲ್ಲಿಯೂ ಇದೆ. ದೇವಿಯ ಉಪಾಸನೆ ಶಕ್ತಿನಿಧಿಯಲ್ಲಿಯೂ ಇದೆ, ಚಾಮುಂಡೇಶ್ವರೀ ಛದದಲ್ಲಿಯೂ ಇದೆ. ಅನೇಕರ ಕೈಗಳನ್ನು ಒಂದು ಉದ್ದೇಶಕ್ಕೆ ಹೊಂದಿಸಿದ ರಚನಕಾರನ ಪಾತ್ರವನ್ನು ಮುಮ್ಮಡಿಯವರಿಗೆ ಸಲ್ಲಿಸುವುದು ನ್ಯಾಯ. ಪಂಡಿತರನ್ನೂ ಚಿತ್ರಕಾರರನ್ನೂ ಸಹರಚನಕಾರರೆಂದು ಕಾಣುವುದು ಕೂಡ ಅಷ್ಟೇ ನ್ಯಾಯ.

ಇಲ್ಲಿ ಇನ್ನೊಂದು ವಾದವನ್ನು ಎದುರಿಸಬೇಕಾಗುತ್ತದೆ. ರಾಜ್ಯವಿಲ್ಲದ ಅರಸನು ಚದುರಂಗದ ರಾಜ್ಯವನ್ನು ಕಟ್ಟಿಕೊಂಡನೆಂಬ ವಿವರಣೆ ಸುಲಭವಾದುದು, ಆಕರ್ಷಕವೂ ಹೌದು. ವಸಾಹತು ಆಡಳಿತದ ಕಣ್ಣಿನಲ್ಲಿ ದೇಶೀ ಅರಸನ ಆಟ, ಪೂಜೆ, ಸಂಗೀತಗಳೆಲ್ಲ ಅಯೋಗ್ಯತೆಯ ಗುರುತುಗಳಾಗಿ ಕಂಡವು. ಅದೇ ನೋಟವನ್ನು ಕರುಣೆಯ ಬಣ್ಣ ಬಳಿದು ಒಪ್ಪಿಕೊಂಡರೆ, ಮುಮ್ಮಡಿಯವರ ಕೆಲಸ ಕಾಲಹರಣದ ಮಟ್ಟಕ್ಕೆ ಇಳಿಯುತ್ತದೆ. ಅಧಿಕಾರದ ನಷ್ಟವು ಬಿಡುವನ್ನು ಕೊಟ್ಟಿತೆಂಬುದು ನಿಜ. ಆ ಬಿಡುವಿನಲ್ಲಿ ನಡೆದುದು ಮಾನಸೋಲ್ಲಾಸದ ಪರಂಪರೆಗೆ ಸೇರಿದ, ಜ್ಞಾನವನ್ನು ವರ್ಗೀಕರಿಸಿ ದಾಖಲಿಸುವ ಕಾರ್ಯ. ಸೋಮೇಶ್ವರನು ಅಧಿಕಾರದಲ್ಲಿದ್ದೂ ಆಟಗಳ ಬಗೆಗೆ ಬರೆದನು. ಆದ್ದರಿಂದ ಆಟವನ್ನು ಕುರಿತ ಚಿಂತನೆಯನ್ನು ಸೋತ ಅರಸನ ಸಮಾಧಾನವೆಂದು ಮಾತ್ರ ಓದುವುದು ಕನ್ನಡ ನಾಡಿನ ಹಳೆಯ ವಿದ್ವತ್ಪರಂಪರೆಯನ್ನು ಮರೆತಂತೆ.

ಕೊನೆಯ ವರ್ಷಗಳು

ರಾಜ್ಯವನ್ನು ಹಿಂದೆ ಪಡೆಯುವ ಪ್ರಯತ್ನವನ್ನು ಮುಮ್ಮಡಿಯವರು ಕೊನೆಯವರೆಗೂ ಬಿಡಲಿಲ್ಲ. ಮನವಿಯ ಮೇಲೆ ಮನವಿ ಸಲ್ಲಿಸಿದರು. ಗಂಡುಸಂತಾನವಿಲ್ಲದ ಕಾರಣ ಅವರ ಅನಂತರ ಮೈಸೂರು ಬ್ರಿಟಿಷರ ನೇರ ಆಳ್ವಿಕೆಗೆ ಸೇರಿಬಿಡುವ ಅಪಾಯವಿತ್ತು. 1865ರ ಜೂನ್‌ನಲ್ಲಿ ಅವರು ಚಾಮರಾಜೇಂದ್ರರನ್ನು ದತ್ತು ಸ್ವೀಕರಿಸಿದರು. 1867ರಲ್ಲಿ ಬ್ರಿಟಿಷ್ ಸರ್ಕಾರ ಆ ದತ್ತಕವನ್ನು ಒಪ್ಪಿ, ಮುಂದೆ ರಾಜ್ಯವನ್ನು ದತ್ತುಪುತ್ರನಿಗೆ ಒಪ್ಪಿಸಲು ತೀರ್ಮಾನಿಸಿತು. 1868ರ ಮಾರ್ಚ್ 27ರಂದು, 73ನೆಯ ವಯಸ್ಸಿನಲ್ಲಿ ಮುಮ್ಮಡಿಯವರು ನಿಧನರಾದರು. ರಾಜ್ಯ ಒಡೆಯರ ಕೈಗೆ ಮರಳಿದುದು 1881ರಲ್ಲಿ.

ಈ ಹೋರಾಟದ ನಡುವೆಯೇ 1861ರಲ್ಲಿ ಜಗನ್ಮೋಹನ ಅರಮನೆ ನಿರ್ಮಾಣವಾಯಿತು. ಅದರ ಮೇಲಂತಸ್ತಿನ ರಂಗಮಹಲಿನ ಗೋಡೆಗಳ ಮೇಲೆ ದಸರೆಯ ಮೆರವಣಿಗೆ, ಒಡೆಯರ ವಂಶಾವಳಿಯನ್ನು ತಾವರೆಯ ರೂಪದಲ್ಲಿ ತೋರುವ ಸಂತಾನಾಂಬುಜ ಇವುಗಳ ಜೊತೆಗೆ ಆಟದ ಹಾಸುಗಳೂ ಚಿತ್ರಿತವಾದವು. ವಂಶ ಮತ್ತು ಉತ್ಸವಗಳ ಸಾಲಿನಲ್ಲಿ ಆಟಗಳನ್ನೂ ಇಟ್ಟುದು, ಆ ಅರಸು ತಮ್ಮ ಹೆಸರಿನೊಡನೆ ಏನೇನು ಉಳಿಯಬೇಕೆಂದು ಬಯಸಿದರೆಂಬುದನ್ನು ಸೂಚಿಸುತ್ತದೆ. 1897ರಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಜಗನ್ಮೋಹನ ಅರಮನೆ ಉಳಿಯಿತು, ಗೋಡೆಯ ಹಾಸುಗಳೂ ಉಳಿದವು. 1915ರಲ್ಲಿ ಆ ಕಟ್ಟಡ ಚಿತ್ರಶಾಲೆಯಾಗಿ ಸಾರ್ವಜನಿಕರಿಗೆ ತೆರೆಯಿತು.

ಆಟಗಳ ಮುಂದಿನ ಗತಿ

ಮುಮ್ಮಡಿಯವರ ನಿಧನದ ಮೂರು ವರ್ಷಗಳ ಅನಂತರ, 1871ರಲ್ಲಿ, ಔರಂಗಾಬಾದಿನ ಹರಿಕೃಷ್ಣನು ಬೃಹಜ್ಯೋತಿಷಾರ್ಣವವೆಂಬ ಗ್ರಂಥದ ಭಾಗವಾಗಿ ಕ್ರೀಡಾಕೌಶಲ್ಯವನ್ನು ರಚಿಸಿದನು. ದೇಶೀ ಆಟಗಳನ್ನು ಸಂಸ್ಕೃತದಲ್ಲಿ ಒಂದೆಡೆ ಸಂಗ್ರಹಿಸುವ ಪ್ರಯತ್ನ ಆ ಕಾಲದಲ್ಲಿ ಮೈಸೂರೊಂದಕ್ಕೇ ಸೀಮಿತವಾಗಿರಲಿಲ್ಲವೆಂಬುದಕ್ಕೆ ಇದು ಸಾಕ್ಷಿ. ಶ್ರೀತತ್ತ್ವನಿಧಿಯು ಮುಂಬಯಿಯ ವೆಂಕಟೇಶ್ವರ ಮುದ್ರಣಾಲಯದಿಂದ ದೇವನಾಗರಿಯಲ್ಲಿ ಅಚ್ಚಾಗಿ ಹೊರನಾಡಿಗೆ ಪರಿಚಿತವಾಯಿತು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವು ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿಗಳನ್ನು ವರ್ಣಚಿತ್ರಗಳ ಸಹಿತ ಪ್ರಕಟಿಸಿತು. 2004ರಲ್ಲಿ ನ್ಯೂಯಾರ್ಕಿನ ಏಷ್ಯಾ ಸೊಸೈಟಿ ಏಷ್ಯಾದ ಆಟಗಳ ಪ್ರದರ್ಶನವನ್ನು ಏರ್ಪಡಿಸಿತು. 2006ರಲ್ಲಿ ರಂಗಾಚಾರ್ ವಸಂತಾ ಅವರು ಮಹಾರಾಜರ ಆಟಗಳನ್ನೂ ಒಗಟುಗಳನ್ನೂ ಕುರಿತು ಪ್ರತ್ಯೇಕ ಗ್ರಂಥವನ್ನೇ ಹೊರತಂದರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು 2007ರಿಂದ ಕ್ರೀಡಾ ಕೌಶಲ್ಯವೆಂಬ ಹೆಸರಿನಲ್ಲಿ ಏರ್ಪಡಿಸಿದ ಪ್ರದರ್ಶನಗಳಲ್ಲಿ ಹಳೆಯ ಆಟಗಳ ಹಾಸುಗಳು ಮತ್ತೆ ತಯಾರಾಗಿ ಆಸಕ್ತರ ಕೈ ಸೇರಿದವು.

ಈ ಗತಿಯನ್ನು ಗಮನಿಸಿದರೆ ಮೂರು ವರ್ಗಗಳ ಆಟಗಳಿಗೆ ಮೂರು ಬಗೆಯ ಆಯುಷ್ಯ ದೊರೆತಿರುವುದು ಕಾಣುತ್ತದೆ. ಛದಗಳು ಗ್ರಂಥದಲ್ಲಿ, ಚಿತ್ರದಲ್ಲಿ ಉಳಿದವು. ಗಂಜೀಫಾದ ಎಲೆಗಳನ್ನು ಇಂದು ಕಲೆಯ ಮಾದರಿಗಳಾಗಿ ಸಂಗ್ರಹಿಸುವವರೇ ಹೆಚ್ಚು, ಆಡುವವರು ವಿರಳ. ಹಾಸಿನ ಆಟಗಳು ಗೋಡೆಯ ಮೇಲಿದ್ದು, ಸಂಶೋಧಕರ ಮತ್ತು ಹವ್ಯಾಸಿಗಳ ಆಸಕ್ತಿಯಿಂದ ಭಾಗಶಃ ಬಳಕೆಗೆ ಮರಳಿದವು. ಕುದುರೆನಡೆಯ ಬಂಧಗಳು ಎಲ್ಲಕ್ಕಿಂತ ದೂರ ಸಾಗಿದವು. ಅವುಗಳನ್ನು ಹಂಚಲು ಚಿತ್ರಕಾರ ಬೇಡ, ದುಬಾರಿ ಸಾಮಗ್ರಿ ಬೇಡ. ಅಂಕಿ ತುಂಬಿದ ಒಂದು ಚೌಕ ಸಾಕು. ಅಂಕಿಗಳ ಜಾಡು ಹಿಡಿದು ಯಾವ ಭಾಷೆಯವನೂ ಕುದುರೆಯನ್ನು ನಡೆಸಿ ನೋಡಬಹುದು, ಮೊತ್ತ ಕೂಡಿಸಿ ಪರೀಕ್ಷಿಸಬಹುದು, ತನ್ನದೇ ಹೊಸ ದಾರಿಯನ್ನು ಹುಡುಕಬಹುದು. ಮುಮ್ಮಡಿಯವರ ಹೆಸರು ಇಂದು ಗಣಿತವಿನೋದದ ಬರಹಗಳಲ್ಲಿ ಉಳಿದಿರುವುದು ಈ ಕಾರಣದಿಂದ.

ಮೊದಲು ಹೇಳಿದ ಜಗಲಿಯ ಆಟಗಳೊಡನೆ ಹೋಲಿಸಿದಾಗ ಈ ವ್ಯತ್ಯಾಸದ ಕಾರಣ ಇನ್ನೂ ಸ್ಪಷ್ಟವಾಗುತ್ತದೆ. ಚೌಕಾಬಾರದ ಇಪ್ಪತ್ತೈದು ಮನೆಗಳನ್ನು ಮಗುವೂ ಗೀರಬಲ್ಲದು. ಬಳೆಚೂರು, ಕಡ್ಡಿ, ಹುಣಸೆಬೀಜ ಯಾವುದಾದರೂ ಕಾಯಿಯಾಗುತ್ತದೆ. ನಿಯಮವನ್ನು ಬಾಯಿಂದ ಬಾಯಿಗೆ ಹೇಳಿ ಮುಗಿಸಬಹುದು. ಅಂತಹ ಆಟಕ್ಕೆ ಅರಸರ ಆಶ್ರಯ ಬೇಕಾಗಲಿಲ್ಲ. ಸೀಮೆ ಚಾಳುಕ್ಯರಿಂದ ವಿಜಯನಗರಕ್ಕೆ, ಪಾಳೆಯಗಾರರಿಗೆ, ಕಂಪನಿಗೆ, ಮದರಾಸಿಗೆ ಕೈ ಬದಲಾದರೂ ಅದು ನಿಲ್ಲಲಿಲ್ಲ. ಪ್ರತಿ ಪೀಳಿಗೆಯ ಆಟಗಾರರು ಅದನ್ನು ತಮ್ಮ ಕೈಯಾರೆ ಮತ್ತೆ ರಚಿಸಿದರು. 360 ಎಲೆಗಳ ಛದಕ್ಕೆ ಇದು ಸಾಧ್ಯವಿರಲಿಲ್ಲ. ರಚನೆಯ ಜಾಣ್ಮೆಯಲ್ಲಿ ಛದವು ಚೌಕಾಬಾರಕ್ಕಿಂತ ಮಿಗಿಲಾದುದು. ಮತ್ತೊಬ್ಬರು ಮಾಡಿಕೊಳ್ಳಬಲ್ಲ ಗುಣದಲ್ಲಿ ಅದು ಹಿಂದೆ ಬಿತ್ತು.

ಇದರಿಂದ ಮುಮ್ಮಡಿಯವರ ಸಾಧನೆ ಕಿರಿದಾಗುವುದಿಲ್ಲ. ಆಟವೂ ಬರೆದಿಡಬೇಕಾದ ಜ್ಞಾನವೆಂದು ತಿಳಿದು, ಕರ್ತೃವಿನ ಹೆಸರಿನೊಡನೆ ಅದನ್ನು ದಾಖಲಿಸಿದ ಕೆಲವರಲ್ಲಿ ಅವರು ಒಬ್ಬರು. ಅವರು ಬರೆಯಿಸದೆ ಇದ್ದಿದ್ದರೆ ಛದಗಳ ನಿಯಮಗಳು ಆಡುವವರೊಡನೆಯೇ ಅಳಿಯುತ್ತಿದ್ದವು. ಜಗಲಿಯ ಆಟಗಳಿಗೆ ಇಂದು ಎದುರಾಗಿರುವ ಅಪಾಯವೂ ಅದೇ. ಸಿಮೆಂಟಿನ ನೆಲದ ಮೇಲೆ ಗೆರೆ ಎಳೆಯುವವರು ಕಡಮೆಯಾದಂತೆ, ಬಾಯಿಮಾತಿನಲ್ಲಿದ್ದ ಕಟ್ಟಳೆಗಳು ಹಿರಿಯರೊಡನೆ ಮರೆಯಾಗುತ್ತವೆ. ಕೂಡ್ಲಿಗಿಯ ಒಂದು ಹಳ್ಳಿಯಲ್ಲಿ ಕಾಯಿ ಹಣ್ಣಾಗುವ ಕ್ರಮ, ಹಡಗಲಿಯ ಇನ್ನೊಂದು ಹಳ್ಳಿಯಲ್ಲಿ ಹುಲಿಯನ್ನು ಕಟ್ಟುವ ಕ್ರಮ, ಹರಪನಹಳ್ಳಿಯಲ್ಲಿ ಕವಡೆಯ ಗರಗಳಿಗಿರುವ ಹೆಸರು ಇವೆಲ್ಲ ಕೌತುಕನಿಧಿಯ ಶ್ಲೋಕಗಳಷ್ಟೇ ಗಂಭೀರವಾದ ಸಾಮಗ್ರಿ. ಅರಮನೆಯ ಆಟಗಳಿಗೆ ದಾಖಲೆ ದೊರೆಯಿತು, ಆಟಗಾರರು ದೊರೆಯಲಿಲ್ಲ. ಜಗಲಿಯ ಆಟಗಳಿಗೆ ಆಟಗಾರರು ದೊರೆತರು, ದಾಖಲೆ ದೊರೆಯಲಿಲ್ಲ. ಮುಮ್ಮಡಿಯವರು ತಮ್ಮ ಆಸ್ಥಾನದ ಆಟಗಳಿಗೆ ಮಾಡಿದ ಕೆಲಸವನ್ನು ಈ ತಾಲ್ಲೂಕುಗಳ ಆಟಗಳಿಗೆ ಮಾಡುವ ಹೊಣೆ ಈಗ ಕನ್ನಡ ಅಧ್ಯಯನದ ಮೇಲಿದೆ.